ಗದ್ದ ಮೇಲೆತ್ತಿದವರು

ತಪ್ಪು ನನ್ನದೇ. ಸಂಶೋಧನೆಗೆ ರೊಕ್ಕ ಕೇಳಲು ಹೋದ ಮನೆಯಲ್ಲಿ ತಂಬಾಕು ಜಗಿಯುವವರ ನಕಲು ಮಾಡಿದೆ.

ನಾನು ನವನಗರದ ದಂತವೈದ್ಯೆಯೊಬ್ಬರ ಸಹಾಯಕ. ಕೆಲಸ ಕಡಿಮೆ, ಮಂದಿಯ ದನಿ ಕದಿಯುವುದು ಹೆಚ್ಚು. ತಂಬಾಕು ಜಗಿಯುವ ಇಳಕಲ್ಲಿನ ನೇಕಾರರ ಬಾಯನ್ನು ಮಗ್ಗದ ಹತ್ತಿರವೇ ಹೋಗಿ ನೋಡಿದರೆ, ಕ್ಯಾನ್ಸರಿಗೆ ತಿರುಗುವ ಮೊದಲೇ ಬಿಳಿ ಮಚ್ಚೆಗಳು ಸಿಕ್ಕಾವೇ ಎಂಬುದು ಮೇಡಂ ಅವರ ಪ್ರಶ್ನೆ. ಬರೀ ಪ್ರಶ್ನೆಗೆ ಯಾರೂ ರೊಕ್ಕ ಕೊಡಲಿಲ್ಲ. ಮೊದಲು ಫಲಿತಾಂಶ ತೋರಿಸಿ ಎಂದರು. ಉಳಿದದ್ದು ಇಳಕಲ್ಲಿನ ಈ ಸೀರೆ ವ್ಯಾಪಾರಿಯ ಟ್ರಸ್ಟ್ ಒಂದೇ.

ವ್ಯಾಪಾರಿ ಮಾತಿಲ್ಲದೆ ತಲೆಯಾಡಿಸುತ್ತಿದ್ದರು. ನೇಕಾರರು ದವಾಖಾನೆಗೆ ಬರುವುದಿಲ್ಲ ಎಂದು ಮೇಡಂ ವಿವರಿಸುವಾಗ ನಾನು ನಡುವೆ ಬಾಯಿ ಹಾಕಿದೆ. ತಂಬಾಕಿನ ರಸ ಚೆಲ್ಲದಂತೆ ಗದ್ದ ಮೇಲೆತ್ತಿ, "ನನಗೇನ ಆಗೇತ್ರಿ?" ಎಂದು ಗೊರಗೊರ ದನಿಯಲ್ಲಿ ಆಡಿ ತೋರಿಸಿದೆ. ಮೇಡಂ ಕಣ್ಣು ಮುಚ್ಚಿಕೊಂಡರು. ಆಗ ನೋಡಿದೆ, ವ್ಯಾಪಾರಿಯ ಗದ್ದವೂ ಮೇಲೇ ಇತ್ತು.

ಅವರು ಎದ್ದು ಹೊರಗೆ ಹೋದರು. ರೊಕ್ಕವೂ ಹೋಯಿತು, ನನ್ನ ನೌಕರಿಯೂ ಹೋಯಿತು ಅಂದುಕೊಂಡೆ. ಅವರು ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕುರ್ಚಿಯಲ್ಲಿ ಕೂತರು. "ಮೊದಲ ನಂದ ನೋಡ್ರಿ, ಡಾಕ್ಟರ್ರ."

ಮೇಡಂ ಟಾರ್ಚ್ ಹಿಡಿದು ಕೆನ್ನೆಯ ಒಳಗೆಲ್ಲ ನೋಡಿದರು. "ಮಚ್ಚಿ ಏನೂ ಇಲ್ರಿ. ಇನ್ನ ತಂಬಾಕ ಬಿಟ್ಟುಬಿಡ್ರಿ."

ಮೂವರೂ ಒಟ್ಟಿಗೇ ಉಸಿರು ಬಿಟ್ಟೆವು. "ಕೆಲಸ ಶುರು ಮಾಡ್ರಿ, ರೊಕ್ಕ ಕೊಡ್ತೇನಿ" ಎಂದರು ವ್ಯಾಪಾರಿ.

ಜೀವ ಬಂದಂತಾಗಿ ನನ್ನ ನಾಲಿಗೆ ಮತ್ತೆ ತುರಿಸಿತು. "ಹಂಗಾರ ಇನ್ನಮ್ಯಾಲೆ ನಿಮ್ಮ ನಕಲು ಮಾಡಬೌದಲ್ರಿ, ಕಾಕಾ?"

"ಮಾಡಪಾ. ನಾಳಿಂದ ನಾ ಬಾಯಿ ಖಾಲಿ ಇಟ್ಟ ಮಾತಾಡಾಂವ. ಆ ನಕಲು ನಿನಗ ಬರೂದಿಲ್ಲ, ಬಿಡು."