ಎರಡು ಸೈಟಿನಲ್ಲಿ ಒಬ್ಬಳು ಶೈಲಾ

ನನ್ನ ಇಂಗ್ಲಿಷಿನ ಬಗ್ಗೆ ನನಗೊಂದು ಸಣ್ಣ ವ್ಯಾನಿಟಿ ಇದೆ, ಒಪ್ಪಿಕೊಂಡುಬಿಡುತ್ತೇನೆ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಾಗದ ಬರೆಯುವುದನ್ನು ಪ್ರಾರ್ಥನೆಯಷ್ಟೇ ಸೀರಿಯಸ್ಸಾಗಿ ಕಲಿಸಿದ್ದರು. ಹಾಗಾಗಿ ಒಂದು ದಿನವೂ ಪಾಠ ಮಾಡದ ನಾನು ಹಂಗಾರಕಟ್ಟೆಯಲ್ಲಿ ಎಲ್ಲರಿಗೂ ಟೀಚರ್. ಯಾರಿಗೆ ಅಪ್ಲಿಕೇಶನ್ ಬೇಕಾದರೂ ನನ್ನ ಜಗಲಿಗೇ ಬರುತ್ತಾರೆ.

ಮೀನು ಮಾರುವ ಗುಲಾಬಿಯ ಮಗಳು ಶೈಲಾ ಬಂದದ್ದೂ ಹಾಗೆಯೇ. ಬಿ.ಕಾಂ. ಮುಗಿದಿತ್ತು. ಗುಲಾಬಿಯ ಮಂಡಿ ಸವೆದು, ಇನ್ನು ಬುಟ್ಟಿ ಹೊರಕೂಡದೆಂದು ಡಾಕ್ಟರು ಹೇಳಿದ್ದರು. ಮಗಳಿಗೆ ಸಂಜೆ ಮನೆ ಸೇರುವಂಥ ಕೆಲಸ ಬೇಕಿತ್ತು, ಅದೂ ಬೇಗ.

ಕೆಲಸ ಕೊಡಿಸುವ ವೆಬ್‌ಸೈಟುಗಳೆಂದರೆ ನಮ್ಮ ಕಡೆಯ ಮದುವೆ ದಲ್ಲಾಳಿಗಳೇ ಸರಿ. ಪ್ರತಿಯೊಬ್ಬನೂ ತಾನೇ ನಂಬರ್ ಒನ್. ಗಂಡಿನ ಹೆಸರನ್ನು ಮಾತ್ರ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಒಂದು ಸೈಟಿನಲ್ಲಿ ಹೆಸರಿಲ್ಲದ ಕಂಪೆನಿಯೊಂದು ತನ್ನನ್ನು ‘ಲೀಡಿಂಗ್ ಎಕ್ಸ್‌ಪೋರ್ಟರ್’ ಎಂದು ಕರೆದುಕೊಂಡಿತ್ತು. ಅದರ ಎದುರಾಳಿ ಸೈಟಿನಲ್ಲಿ ಇನ್ನೊಂದು ಹೆಸರಿಲ್ಲದ ಕಂಪೆನಿ, ‘ಹೋಮ್ಲಿ ಅಟ್ಮಾಸ್ಫಿಯರ್’ ಎಂದಿತ್ತು.

“ಒಂದೇ ಬರ್ದ್ ಎರಡ್ ಕಡಿಗೂ ಹಾಕುವ ಟೀಚರೇ,” ಎಂದಳು ಶೈಲಾ.

ನಾನು ಒಪ್ಪಲಿಲ್ಲ. ಒಂದೇ ಜಾತಕವನ್ನು ಒಂದೇ ದಿನ ಎರಡು ಮನೆಗೆ ಕಳಿಸುವುದುಂಟೆ? ಎರಡು ಬಯೋಡೇಟಾ ಬರೆದೆ. ಮೊದಲನೆಯದರ ಶೈಲಾ ಮಹಾ ಆಂಬಿಷಸ್, ದೇಶದ ಯಾವ ಮೂಲೆಗೂ ಹೊರಡಲು ರೆಡಿ. ಎರಡನೆಯವಳು ಸೌಮ್ಯೆ, ದೀಪ ಹಚ್ಚುವ ಮೊದಲು ಮನೆಯಲ್ಲಿರುವವಳು. ಅಷ್ಟು ಚಂದದ ಇಂಗ್ಲಿಷ್ ನಾನು ನನ್ನ ಯಜಮಾನರಿಗೂ ಬರೆದವಳಲ್ಲ.

ಎರಡೂ ಹೋಗಿ ಬಿದ್ದದ್ದು ಒಂದೇ ಮೇಜಿನ ಮೇಲೆ. ಸಾಸ್ತಾನದ ಹತ್ತಿರದ ಗೇರುಬೀಜದ ಕಾರ್ಖಾನೆಯೊಂದು ಒಂದೇ ಕೆಲಸಕ್ಕೆ ಎರಡೂ ಕಡೆ ಜಾಹೀರಾತು ಕೊಟ್ಟಿತ್ತು. ಇಂಟರ್‌ವ್ಯೂ ಮುಗಿಸಿ ಬಂದು ಶೈಲಾ ನನ್ನ ಜಗಲಿಯಲ್ಲಿ ಕೂತು ಹೇಳಿದ್ದನ್ನು ಕೇಳಿ ನನ್ನ ಕಿವಿ ಬಿಸಿಯಾಯಿತು.

ಮ್ಯಾನೇಜರು ಎರಡು ಹಾಳೆಗಳನ್ನೂ ಅವಳ ಮುಂದೆ ಇಟ್ಟು ಕೇಳಿದರಂತೆ, “ಇದ್ರಲ್ಲಿ ನೀನ್ ಯಾರ್ ಮಾರಾಯ್ತಿ?”

“ಎರಡೂ ನಾನೇ ಸರ್. ನೀವೂ ಒಂದ್ರಲ್ಲಿ ದೊಡ್ ಕಂಪೆನಿ ಅಂದೇಳಿ, ಇನ್ನೊಂದ್ರಲ್ಲಿ ಹೋಮ್ಲಿ, ಮನಿ ಕಣಗೆ ಅಂದೇಳಿ ಹಾಕಿರಿ ಅಲ್ದಾ?”

ಅವರು ಎರಡೂ ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟರಂತೆ. ಕೆಲಸ ಹೋಯಿತೆಂದುಕೊಂಡು ಇವಳು ಉಳಿದದ್ದನ್ನೂ ಹೇಳಿಬಿಟ್ಟಳು: “ಎಲ್ಲಿಗೂ ಹೋಪುಕೆ ರೆಡಿ ಅಂದದ್ದ್ ಸುಳ್ಳ್ ಸರ್. ಅಮ್ಮನ ಕಾಲ್ ಸಮ ಇಲ್ಲೆ. ಸಂಜಿಗೆ ನಂಗೆ ಮನಿಗ್ ಹೋಯ್ಕ್.”

“ನಂಗೂ ಎಲ್ಲಿಗೂ ಹೋಪವ್ರ್ ಬೇಡ,” ಎಂದರಂತೆ ಮ್ಯಾನೇಜರು. “ಮೂರ್ ಜನ ಬಂದ್ ಬಿಟ್ ಹೋದ್ರ್. ದಿನಾ ಬಪ್ಪವ್ರ್ ಬೇಕ್. ಸೋಮವಾರ ಬಾ.”

ಅಷ್ಟೂ ಜಾಹೀರಾತಿನಲ್ಲಿ ಅವರು ಬರೆಯದೆ ಬಿಟ್ಟದ್ದು, ದಿನಾ ಬರುವವರು ಬೇಕೆಂಬ ಅದೊಂದೇ ಸಾಲು. ನಾನು ಬರೆಯದೆ ಬಿಟ್ಟದ್ದೂ ಒಂದೇ, ಗುಲಾಬಿಯ ಮಂಡಿ.

ವಾರ ಕಳೆಯುವಷ್ಟರಲ್ಲಿ ಎರಡೂ ಸೈಟುಗಳಿಂದ ಮೇಲ್ ಬಂತು: ಕೆಲಸ ಸಿಕ್ಕಿದ್ದು ನಮ್ಮಿಂದಲೇ ತಾನೆ? ಶೈಲಾ ಎರಡಕ್ಕೂ ‘ಯೆಸ್’ ಒತ್ತಿದಳು.

“ಎಂತಕ್ಕೆ ಮಾರಾಯ್ತಿ?” ಎಂದೆ.

“ಇರ್ಲಿ ಟೀಚರೇ, ಇಬ್ರಿಗೂ ಖುಷಿ ಆಯ್ಲಿ.”

ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಗುಲಾಬಿ, ನನ್ನ ಇಂಗ್ಲಿಷಿನಿಂದಲೇ ಮಗಳಿಗೆ ಕೆಲಸ ಸಿಕ್ಕಿತೆಂದು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾನೂ ಅಲ್ಲವೆನ್ನಲಿಲ್ಲ. ಖುಷಿಪಡುವವರ ಸಾಲಿನಲ್ಲಿ ಮೂರನೆಯವಳಾಗಿ ನಿಂತರೆ ಯಾರಿಗೇನು ನಷ್ಟ?