ಹಂಚಿನ ಮೇಲಿನ ಹಾಲುಹಲ್ಲು

ಅವತ್ತು ಜಗಲಿಯ ಮೇಲಿದ್ದವರು ಐದು ಜನ. ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದ ಅಜ್ಜಿ, ಬಾಗಿಲಿಗೆ ಒರಗಿ ನಿಂತಿದ್ದ ಸೊಸೆ, ಅಮ್ಮನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ ಏಳು ವರ್ಷದ ಮೊಮ್ಮಗಳು, ಮೈಸೂರಿನಿಂದ ಸಂಶೋಧನೆಗೆಂದು ಬಂದಿದ್ದ ಡಾಕ್ಟರಮ್ಮ, ಅವರಿಗೆ ದಾರಿ ತೋರಿಸಲು ಹೋಗಿದ್ದ ನಾನು. ನನ್ನದು ಮದ್ದೂರಿನಲ್ಲಿ ಹಲ್ಲಿನ ಕ್ಲಿನಿಕ್ಕು. ಬೆಸಗರಹಳ್ಳಿ ಆಸುಪಾಸಿನವರು ಎದುರು ಸಿಕ್ಕರೆ ನನಗೆ ಮುಖಕ್ಕಿಂತ ಮೊದಲು ಬಾಯಿ ನೆನಪಾಗುತ್ತದೆ.

ಈ ಮಗುವಿನ ಹಲ್ಲು ಅರಿಸಿನದ ಬಣ್ಣಕ್ಕಿದ್ದವು. ಹುಳುಕಿಲ್ಲ, ಆದರೂ ಸವೆದಿದ್ದವು. ಶಾಲೆಯಲ್ಲಿ ಟೀಚರು ಎಬ್ಬಿಸಿ ನಿಲ್ಲಿಸಿ, ನಿಮ್ಮಮ್ಮ ಹಲ್ಲುಜ್ಜಿಸುವುದಿಲ್ಲವೇ ಎಂದು ಕೇಳಿದ್ದರಂತೆ. ಅಂದಿನಿಂದ ಮಗು ತರಗತಿಯಲ್ಲಿ ಪಾಠ ಓದುವುದನ್ನೇ ಬಿಟ್ಟಿತ್ತು. ಅಮ್ಮ ನನ್ನ ಬಳಿ ಕರೆತಂದಾಗ ಕೇಳಿದ್ದು ಔಷಧಿಯನ್ನಲ್ಲ, ತಪ್ಪು ತನ್ನದೋ ಅಲ್ಲವೋ ಎಂದು. ಮನೆಯಲ್ಲಿ ಅತ್ತೆಯದು ಬೇರೆ ತಕರಾರು. ಸೊಸೆಯ ತವರು ನಾಲೆ ಬಯಲಿನ ಕೊತ್ತತ್ತಿ. ನಾಲೆ ನೀರು ಕುಡಿದವರ ಮಕ್ಕಳಿಗೆ ಹೀಗೇ ಆಗುವುದು ಎಂದು ಅಜ್ಜಿ. ಈ ಊರಿನ ಬೋರ್‌ವೆಲ್ ನೀರೇ ಕಾರಣ ಎಂದು ಸೊಸೆ.

ಡಾಕ್ಟರಮ್ಮ ಮಗುವಿನ ಹಲ್ಲಿನ ಫೋಟೋ ತೆಗೆದರು. ಹಲ್ಲು ನೋಡಿ ಕಾಯಿಲೆ ಹೇಳುವ ಎಐ ಅವರ ಫೋನಿನಲ್ಲಿತ್ತು. ನೀರಿನ ಫ್ಲೋರೈಡಿನ ಕಲೆ ಎಂದಿತು. ಸೊಸೆ ಅತ್ತೆಯ ಕಡೆ ನೋಡಿದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅಜ್ಜಿ ಸುಮ್ಮನಿರುತ್ತಾರೆಯೇ, ನಂದೂ ನೋಡಲಿ ಎಂದು ಬಾಯಿ ತೆರೆದರು. ಕೆಂಪು ಬಾಯಿ, ಉಳಿದಿದ್ದು ಮೂರು ಹಲ್ಲು. ಫೋನು ಸ್ಪಷ್ಟವಾಗಿಲ್ಲ, ಇನ್ನೊಮ್ಮೆ ತೆಗೆಯಿರಿ ಎಂದು ಮೂರು ಸಲ ಕೇಳಿತು.

“ಅದ್ಕೂ ನಾಚ್ಕೆ ಆಯ್ತದೆ ಬುಡವ್ವ,” ಎಂದರು ಅಜ್ಜಿ.

ಡಾಕ್ಟರಮ್ಮ ನಗುತ್ತಲೇ ವಿವರಿಸಿದರು. ಈ ಎಐಗೆ ಫ್ಲೋರೈಡಿನ ಹಲ್ಲುಗಳನ್ನು ಬೇಕಾದಷ್ಟು ತೋರಿಸಿದ್ದೇವೆ. ವಂಶದಲ್ಲಿ ಹರಿದು ಬರುವ ಅಪರೂಪದ ತೊಂದರೆಯ ಹಲ್ಲು ತೋರಿಸಿರುವುದು ಕಡಿಮೆ. ಹಾಗಾಗಿ ಗೊತ್ತಿರುವುದನ್ನೇ ಹೇಳುತ್ತದೆ. ಬಿದ್ದ ಹಾಲುಹಲ್ಲೊಂದನ್ನು ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೇಲಿನ ಪದರ ಹೇಗೆ ಬೆಳೆದಿದೆ ಎಂಬುದು ತಿಳಿದೀತು ಎಂದರು. ಅದಕ್ಕೇ ಹಲ್ಲು ಬಿದ್ದರೆ ಎತ್ತಿಡಿ ಎಂದು ನಾನು ಹಿಂದಿನ ವಾರವೇ ಫೋನು ಮಾಡಿದ್ದೆ.

ಹಲ್ಲು ಎಲ್ಲಿ ಎಂದೆ. ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಸೂರನ್ನು ನೋಡಿದರು.

ಸಗಣಿ ಉಂಡೆಯೊಳಗಿಟ್ಟು ಮೊನ್ನೆಯಷ್ಟೇ ಹಂಚಿನ ಮೇಲೆ ಎಸೆದಿದ್ದರು. ನಮ್ಮಜ್ಜಿಯೂ ನನ್ನ ಹಲ್ಲನ್ನು ಹೀಗೇ ಎಸೆದಿದ್ದಳು, ಹೊಸದು ಚೆನ್ನಾಗಿ ಬರಲೆಂದು. ಈ ಮಗುವಿಗೆ ಮೊದಲು ಬಿದ್ದ ಎರಡನ್ನು ಸೊಸೆ ಕಸದ ಬುಟ್ಟಿಗೆ ಹಾಕಿಬಿಟ್ಟಿದ್ದಳಂತೆ; ಆ ಜಾಗದಲ್ಲಿ ಬಂದ ಹೊಸ ಹಲ್ಲೂ ಹಳದಿ. ಅಜ್ಜಿಗೆ ಅಷ್ಟು ಸಾಕ್ಷಿ ಸಾಕಾಗಿತ್ತು. ಮೂರನೆಯದನ್ನು ತಾವೇ ಕ್ರಮಪ್ರಕಾರ ಎಸೆದಿದ್ದರು. ಏಣಿ ಹಾಕಿ ಇಳಿಸೋಣ ಎಂದರೆ ಒಪ್ಪಲೊಲ್ಲರು. ಇಳಿಸಿದ ಮೇಲೆ ಒಳ್ಳೆ ಹಲ್ಲು ಬರುವುದಾದರೂ ಹೇಗೆ ಎಂಬುದು ಅವರ ವಾದ.

ಆಗ ಸೊಸೆ ದನಿ ಏರಿಸದೆ ಹೇಳಿದಳು: “ದಿನಾ ಎಲ್ಡೊತ್ತೂ ನಾನೇ ಉಜ್ತೀನಿ ಅತ್ತೆ. ವಸ್ಡಲ್ಲಿ ರಕ್ತ ಬರಗಂಟ ಉಜ್ತೀನಿ. ಸಾಕಮ್ಮಾ ಅಂತ ಅಳ್ತದೆ. ಆದ್ರೂ ಉಜ್ತೀನಿ.”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. ಎಲೆಯನ್ನು ಹಾಗೇ ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿದರು.

“ಅವ್ಳ ತಪ್ಪಲ್ಲ ಕಣಪ್ಪ. ನಂದೂ ಇಂಗೇ ಇತ್ತು. ನಮ್ಮಪ್ಪಂದೂ ಇಂಗೇಯ. ಮದ್ವೆ ಆದ್ ವರ್ಸವೇ ಎಲೆ ಆಕೋಕೆ ಸುರು ಮಾಡ್ದೆ. ಬಾಯಿ ಕೆಂಪಗಿದ್ರೆ ಅಳ್ದಿ ಕಾಣಾಕಿಲ್ವಲ್ಲ. ನನ್ ಮಗಂದು ಬೀಡಿ ಕರೆ ಅಂತ ಇವ್ಳೂ ಅಂದ್ಕಂಡವ್ಳೆ.”

ಡಾಕ್ಟರಮ್ಮ ನಿಧಾನವಾಗಿ ಪುಸ್ತಕ ತೆಗೆದು ಅಜ್ಜಿಯ ಅಪ್ಪನಿಂದ ಮೊಮ್ಮಗಳವರೆಗೆ ಗೆರೆ ಎಳೆದರು. ನೀವು ಹೇಳಿದ್ದರಿಂದ ಮುಕ್ಕಾಲು ಪಾಲು ಗೊತ್ತಾಯಿತು, ಹಲ್ಲು ಬೇಡವೆಂದರೆ ಬೇಡ ಎಂದರು.

“ನನ್ ಮಾತ್ನ ಇಸ್ಕೂಲ್ನೋರು ಕೇಳಾರಾ? ಅವ್ರ್ಗೆ ಕಾಗ್ದ ಬೇಕು,” ಎನ್ನುತ್ತ ಅಜ್ಜಿ ಎದ್ದರು. ಗೋಡೆಗೆ ಒರಗಿಸಿದ್ದ ನುಗ್ಗೆಕಾಯಿ ಕೀಳುವ ಕೋಲು ತೆಗೆದುಕೊಂಡು ಅಂಗಳಕ್ಕಿಳಿದರು. ಎಷ್ಟನೆಯ ಹಂಚೆಂದು ಅವರಿಗೆ ಮಾತ್ರ ಗೊತ್ತಿತ್ತು. ಎರಡನೇ ಏಟಿಗೆ ಒಣಗಿದ ಉಂಡೆ ಬಿತ್ತು. ಸೊಸೆ ಅದನ್ನು ಮಡಿಲೊಡ್ಡಿ ಹಿಡಿದಳು.

ಕೆಲವು ತಿಂಗಳಿಗೆ ಮೈಸೂರಿನಿಂದ ಕಾಗದ ಬಂತು. ಪದರ ಹುಟ್ಟುವಾಗಲೇ ತೆಳುವಾಗಿದೆ, ವಂಶದಿಂದ ಬಂದದ್ದು, ಇದಕ್ಕೆ ಉಜ್ಜುವುದಾಗಲಿ ನೀರಾಗಲಿ ಕಾರಣವಲ್ಲ ಎಂದಿತ್ತು. ಅಮ್ಮ ಅದನ್ನು ಶಾಲೆಗೆ ಒಯ್ದು ಟೀಚರ ಕೈಗಿತ್ತಳು. ಟೀಚರು ಎರಡು ಸಲ ಓದಿ, ತಾವು ಹಾಗೆ ಕೇಳಬಾರದಿತ್ತು ಎಂದರಂತೆ. ಸವೆದ ದವಡೆಹಲ್ಲುಗಳಿಗೆ ನಾನು ಕ್ಯಾಪು ಕೂರಿಸಿದೆ. ಮೆತ್ತನೆ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದರೆ ಸಾಕು ಎಂದಾಗ ಮಗು ಅಮ್ಮನ ಮುಖ ನೋಡಿ ನಕ್ಕಿತು.

ನಾಲ್ಕನೆಯ ಹಲ್ಲು ಬಿದ್ದಾಗ ಅಜ್ಜಿ ಒಬ್ಬರೇ ಬಸ್ಸು ಹತ್ತಿ ಮದ್ದೂರಿಗೆ ಬಂದರು. ಸುಣ್ಣದ ಡಬ್ಬಿಯಿಂದ ಹಲ್ಲು ತೆಗೆದು ಮೇಜಿನ ಮೇಲಿಟ್ಟು, ಫೋಟೋ ತೆಗೆದುಕೊಂಡು ವಾಪಸು ಕೊಡು ಎಂದರು. ಫೋಟೋ ತೆಗೆದು, ಎಐಗೂ ತೋರಿಸಲೆಂದು ಡಾಕ್ಟರಮ್ಮನಿಗೆ ಕಳಿಸಿದೆ. ಅಜ್ಜಿ ಹಲ್ಲನ್ನು ಮತ್ತೆ ಡಬ್ಬಿಗೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದರು. ಮಾರನೆಯ ದಿನ ಸೊಸೆ ಫೋನು ಮಾಡಿದಳು. ಸಗಣಿ ಉಂಡೆ ಕಟ್ಟಿಕೊಟ್ಟಿದ್ದು ಅವಳೇ ಅಂತೆ, ಎಸೆದಿದ್ದು ಮಗು.