ಎರಡೂ ವಾಲ್ವ್ ಮುಚ್ಚಿದಾಗ

ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಪ್ರೊಜೆಕ್ಟರ್ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ರೋಣದಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗಲೂ ಅದೇ ಗುಂಗು. ಡೀಸೆಲ್ ಎಂಜಿನ್ನಿನ ಪಾಠಕ್ಕೆ ಅಂತರ್ಜಾಲದಿಂದ ಬಣ್ಣಬಣ್ಣದ ಅನಿಮೇಶನ್ ಹುಡುಕಿ ತಂದು ತೋರಿಸಿದೆ. ವಿದ್ಯಾರ್ಥಿಗಳು ಕಣ್ಣು ಮಿಟುಕಿಸದೆ ನೋಡಿದರು. ತಿಳಿಯಿತೇ ಎಂದರೆ ಎಲ್ಲರೂ ತಲೆಯಾಡಿಸಿದರು.

ಮುಂದಿನ ವಾರದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂಜಿನ್ನಿನ ಚಿತ್ರವನ್ನು ತಪ್ಪಾಗಿ ಬರೆದಿದ್ದರು. ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವಾಗ ಗಾಳಿ ಒಳಬರುವ, ಹೊಗೆ ಹೊರಹೋಗುವ ಎರಡೂ ವಾಲ್ವ್ ಮುಚ್ಚಿರಬೇಕು. ಇವರು ಒಂದನ್ನು ತೆರೆದೇ ಇಟ್ಟಿದ್ದರು. ಯಾಕೆ ಹೀಗಾಯಿತು ಎಂದು ತರಗತಿಯಲ್ಲಿ ಕೇಳಿದೆ. ಹೊಳೆಮಣ್ಣೂರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಿಟ್ಟಾಗಬ್ಯಾಡ್ರಿ ಮೇಡಂ. ನೋಡೂ ಮುಂದ ಎಲ್ಲಾ ತಿಳದಂಗ ಅನಸ್ತೈತ್ರಿ. ವಿಡಿಯೋ ಬಂದ್ ಆತಂದ್ರ ತಲ್ಯಾಗ ಏನೂ ಉಳಿಯಂಗಿಲ್ರಿ.”

ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ವಿಷಯ ತಿಳಿದ ಹಿರಿಯ ಸಹೋದ್ಯೋಗಿಯೊಬ್ಬರು, “ಯಾಕ ಇಷ್ಟ್ ತ್ರಾಸ ತಗೋತೀರಿ? ಹಲಗಿ ಮ್ಯಾಲ ಬರದ ಹಾಕ್ರಿ, ಬಾಯಿಪಾಠ ಮಾಡಿ ಪಾಸಾಗ್ತಾರ” ಎಂದರು. ಪಾಸಾಗುತ್ತಿದ್ದರು, ನಿಜ. ಆದರೆ ನನಗೆ ಅಷ್ಟು ಸಾಲದು. ಅವರಿಗೆ ನಿಜವಾಗಿ ತಿಳಿಯುವವರೆಗೆ ಬಿಡಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಆ ಭಾನುವಾರ ಹತ್ತಿರದ ಜಕ್ಕಲಿ ಊರಿಗೆ ಹೋದೆ. ನೀರೆತ್ತುವ ಎಂಜಿನ್ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರು ಅಲ್ಲಿದ್ದರು. ವಿದ್ಯಾರ್ಥಿಗಳಿಗೆ ತೋರಿಸಲು ನಿಜವಾದ ಎಂಜಿನ್ನಿನ ವಿಡಿಯೋ ಬೇಕು ಎಂದಾಗ ಅವರು ನಕ್ಕರು. “ಎಂಜಿನಿಯರ್ ಆಗೋ ಹುಡುಗ್ರಿಗೆ ನಾ ಏನ್ ಹೇಳ್ಲೆರಿ ಅಕ್ಕಾರ?” ಎನ್ನುತ್ತಲೇ ರಿಪೇರಿಗೆ ಬಂದಿದ್ದ ಡೀಸೆಲ್ ಎಂಜಿನ್ನಿನ ವಾಲ್ವ್‌ಗಳ ಮೇಲಿನ ಮುಚ್ಚಳ ಬಿಚ್ಚಿದರು. ನಾನು ಮೊಬೈಲ್ ಹಿಡಿದೆ. ಅವರು ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ದೊಡ್ಡ ಗಾಲಿಯನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದರು. ಒಂದು ಹಂತಕ್ಕೆ ಬಂದಾಗ ಗಾಲಿ ಬಿಗಿಯಾಗಿ ನಿಂತಿತು.

“ಈಗ ನೀವ ತಿರಗಸ್ರಿ.”

ಮೊಬೈಲ್ ಪಕ್ಕಕ್ಕಿಟ್ಟು ಎರಡೂ ಕೈ ಹಚ್ಚಿದರೂ ಅದು ಅಲುಗಲಿಲ್ಲ.

“ಎರಡೂ ವಾಲ್ವ್ ಮುಚ್ಯಾವ, ಅದಕ್ಕ ಒಳಗ ಗಾಳಿ ದಮ್ ಕಟ್ಟೈತಿ. ಒಂದ್ ತೆರದಿದ್ರೂ ಗಾಳಿ ಹ್ಯಾಂಗ ನಿಲ್ತೈತ್ರಿ?”

ಮನೆಗೆ ಬಂದು ನೋಡಿದರೆ ವಿಡಿಯೋದಲ್ಲಿ ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದೆ. ಗಿರಣಿ ನಿಲ್ಲುವವರೆಗೆ ಕಾದು ಕೂತು, ಇಡೀ ಕೆಲಸವನ್ನು ಮೊದಲಿನಿಂದ ಚಿತ್ರೀಕರಿಸಿಕೊಂಡೆ.

ತರಗತಿಯಲ್ಲಿ ಈ ಸಲ ವಿಡಿಯೋವನ್ನು ಓಡಲು ಬಿಡಲಿಲ್ಲ. ಪ್ರತಿ ಹಂತದಲ್ಲೂ ನಿಲ್ಲಿಸಿ, “ಮುಂದೇನಾಗುತ್ತದೆ, ಬರೆಯಿರಿ” ಎಂದೆ. ಬರೆದ ಮೇಲಷ್ಟೇ ಮುಂದಿನದು. ಗಾಲಿ ಬಿಗಿಯುವ ಹಂತದಲ್ಲಿ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಎಂದು ದೊಡ್ಡ ಜಗಳವೇ ಎದ್ದಿತು. ಹೊಳೆಮಣ್ಣೂರಿನ ಹುಡುಗಿ ಸೀದಾ ಪರದೆಯ ಬಳಿ ಬಂದು, “ಇಲ್ಲಿ ನೋಡ್ರಿ, ವಾಲ್ವಿನ ಎರಡೂ ಸ್ಪ್ರಿಂಗ್ ಮ್ಯಾಲ ಅದಾವ. ತೆರದಿದ್ರ ಒಂದಾದ್ರೂ ಕೆಳಗ ಇರತಿತ್ತು” ಎಂದು ವಾದಿಸಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಮರುಪರೀಕ್ಷೆಯಲ್ಲಿ ನಾಲ್ವರು ಮತ್ತೆ ತಪ್ಪಿದರು. ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಮೇಸ್ತ್ರಿಯ ಹತ್ತಿರವೇ ಹೋದೆ. ಒಬ್ಬೊಬ್ಬರೂ ಗಾಲಿಗೆ ಕೈ ಹಚ್ಚಿ ನೋಡಿದರು; ಅದು ಬಿಗಿದು ನಿಂತಾಗ “ಎರಡೂ ಮುಚ್ಯಾವ್ರಿ” ಎಂದು ತಾವೇ ಹೇಳಿದರು.